ಚಾರ್ಟಮ್ಮನ ಬುಧವಾರ

ಐವತ್ತರ ಹತ್ತಿರ ಬಂದ ಹೆಂಗಸು ಬೆಳಗ್ಗೆ ಆರಕ್ಕೇ ಎದ್ದು, ಕನ್ನಡಿಯ ಮುಂದೆ ನಿಂತು ಮೂರನೆಯ ಸಲ ಬಟ್ಟೆ ಬದಲಾಯಿಸುತ್ತಿದ್ದರೆ ಗಂಡನಿಗೆ ಅನುಮಾನ ಬರದೆ ಇರುತ್ತದೆಯೇ? ಹಾಸಿಗೆಯಿಂದಲೇ ಕತ್ತೆತ್ತಿ ಕೇಳಿದ: "ಏನೇ, ಯಾರ ಮದುವೆ?"

"ಮದುವೆ ಅಲ್ಲ ರೀ, ರಜಾ! ನಮ್ಮ ಮೂರೂ ಜನಕ್ಕೆ ಇವತ್ತು ರಜಾ!"

"ಓಹೋ, ಅದಾ! ಇಪ್ಪತ್ತು ದಿನದಿಂದ ಅದನ್ನೇ ಕೇಳ್ತಾ ಇದ್ದೀನಲ್ಲ," ಎಂದು ಅವನು ಮತ್ತೆ ಮುಸುಕು ಹೊದ್ದ.

ಇವಳನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ಚಾರ್ಟಮ್ಮ ಎಂದು. ಎಂಬತ್ತಾರು ಜನ ನರ್ಸುಗಳಲ್ಲಿ ಯಾರಿಗೆ ಯಾವ ವಾರ್ಡು, ಯಾರಿಗೆ ರಾತ್ರಿ ಪಾಳಿ, ಯಾರಿಗೆ ಯಾವತ್ತು ವಾರದ ರಜೆ ಎಂದು ತಿಂಗಳಿಗೊಂದು ಡ್ಯೂಟಿ ಚಾರ್ಟ್ ಬರೆಯುವವಳು ಇವಳೇ. ಕಂಪ್ಯೂಟರ್ ಬಂದು ಎಷ್ಟೋ ವರ್ಷವಾಯಿತು. ಇವಳಿಗೆ ಮಾತ್ರ ಮೇಜಿನಗಲದ ಹಾಳೆ ಹಾಸಿಕೊಂಡು, ಸ್ಕೇಲು ಹಿಡಿದು ಗೆರೆ ಎಳೆದು, ರಜೆಯ ಮನೆಗಳಿಗೆ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿದರೇ ಸಮಾಧಾನ. ಇವಳ ಹಿಂದೆ ಆ ಕುರ್ಚಿಯಲ್ಲಿದ್ದಾಕೆ ಭಾನುವಾರಗಳನ್ನೆಲ್ಲ ತನ್ನ ಬಳಗಕ್ಕೇ ಹಂಚಿ ಇಡೀ ಆಸ್ಪತ್ರೆಯ ಬಾಯಿಗೆ ಬಿದ್ದಿದ್ದಳು. ಅದನ್ನು ಕಣ್ಣಾರೆ ಕಂಡಿದ್ದ ಚಾರ್ಟಮ್ಮ, ಹನ್ನೊಂದು ವರ್ಷದ ಹಿಂದೆ ಕುರ್ಚಿಗೆ ಬಂದ ದಿನವೇ ಒಂದು ಪಣ ತೊಟ್ಟಳು. ತನ್ನ ಗೆಳತಿಯರಿಗೆ ಯಾವತ್ತೂ ಒಂದೇ ದಿನ ರಜೆ ಹಾಕಕೂಡದು. ನಾಲ್ಕು ಜನರ ಬಾಯಿಗೆ ಆಹಾರವಾಗಕೂಡದು.

ಎಂಥ ಘನಂದಾರಿ ಪಣ ನೋಡಿ! ಗೆಳತಿಯರಾದರೂ ಯಾರು? ನರ್ಸಿಂಗ್ ಕಲಿಯುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿ, ಇರುವ ಒಂದೇ ಫ್ಯಾನಿನ ಕೆಳಗೆ ಮಲಗಲು ದಿನಾ ಕಿತ್ತಾಡುತ್ತಿದ್ದವರು. ಆಪರೇಷನ್ ಥಿಯೇಟರಿನವಳು ಕತ್ತರಿ. ಮಾತೂ ಹಾಗೆಯೇ. ಮಕ್ಕಳ ವಾರ್ಡಿನವಳು ಮೊಲ, ಮುಂದಿನ ಎರಡು ಹಲ್ಲುಗಳ ದೆಸೆಯಿಂದ. ಹೆರಿಗೆ ವಾರ್ಡಿನವಳು ಗುಡುಗು. ಅವಳು ನೆಲಮಹಡಿಯಲ್ಲಿ ನಕ್ಕರೆ ಮೂರನೆಯ ಮಹಡಿಯ ರೋಗಿಗಳು ಏನಾಯಿತೆಂದು ಕೇಳುತ್ತಿದ್ದರು.

ಚಾರ್ಟ್ ಬರೆಯುವ ಕೋಣೆಯ ಕಿಟಕಿಯಿಂದ ಎದುರಿನ ಗುಡ್ಡ ಕಾಣುತ್ತಿತ್ತು. ಗುಡ್ಡಕ್ಕೆ ರೋಪ್‌ವೇ ಹಾಕಿ ಒಂಬತ್ತು ವರ್ಷ. ಹಳದಿ ಡಬ್ಬಿಗಳು ದಿನವಿಡೀ ಹಗ್ಗದ ಮೇಲೆ ಹತ್ತುತ್ತ ಇಳಿಯುತ್ತ ಇರುತ್ತಿದ್ದವು. ಪ್ರತಿ ತಿಂಗಳೂ ಇಪ್ಪತ್ತೈದನೆಯ ತಾರೀಖು, ಹಾಳೆ ಹಾಸುವ ಹೊತ್ತಿಗೆ ಸರಿಯಾಗಿ, ಗುಡುಗು ಬಾಗಿಲಲ್ಲಿ ಪ್ರತ್ಯಕ್ಷ.

"ಏನಮ್ಮಾ ಮಹಾರಾಣಿ, ಈ ತಿಂಗಳಾದ್ರೂ ನಾಲ್ಕೂ ಜನಕ್ಕೆ ಒಂದೇ ದಿನ ರಜಾ ಹಾಕ್ತೀಯೋ ಇಲ್ವೋ? ಆ ಡಬ್ಬಿಯಲ್ಲಿ ಒಂದ್ಸಲ ಹೋಗಿ ಬರೋಣ ಕಣೇ!"

"ಈಗ ತಲೆ ತಿನ್ನಬೇಡ. ಮುಂದಿನ ತಿಂಗಳು ನೋಡೋಣ."

ಒಂಬತ್ತು ವರ್ಷಕ್ಕೆ ಎಷ್ಟು ಇಪ್ಪತ್ತೈದನೆಯ ತಾರೀಖು ಬರುತ್ತವೋ ಲೆಕ್ಕ ಹಾಕಿ. ನಾಲ್ವರೂ ಕಾರಿಡಾರಿನಲ್ಲಿ ಎದುರುಬದುರಾಗುತ್ತಿದ್ದರು. "ಸಿಗ್ತೀನಿ ಕಣೇ" ಎಂದು ಒಬ್ಬಳು, "ಫೋನ್ ಮಾಡ್ತೀನಿ" ಎಂದು ಇನ್ನೊಬ್ಬಳು, ಅಷ್ಟರಲ್ಲಿ ಎಲ್ಲೋ ಬೆಲ್ ಬಡಿದುಕೊಳ್ಳುತ್ತಿತ್ತು. ಚಾರ್ಟಮ್ಮನಂತೂ ತನ್ನ ರಜೆಯ ದಿನವೂ ಆಫೀಸಿಗೆ ಬಂದು ಕೂರುತ್ತಿದ್ದಳು. ತಾನಿಲ್ಲದಿದ್ದರೆ ಆಸ್ಪತ್ರೆ ನಡೆಯುವುದಿಲ್ಲ ಎಂಬ ಭ್ರಮೆ, ಮತ್ತೇನು!

ಮೂರು ತಿಂಗಳ ಹಿಂದೆ ಒಂದು ಸೋಮವಾರ ಬೆಳಗ್ಗೆ ಗುಡುಗು ಡ್ಯೂಟಿಗೆ ಬರಲಿಲ್ಲ. ಲೋಟ ತೊಳೆಯುತ್ತ ನಿಂತವಳು ಅಲ್ಲೇ ಕುಸಿದಳಂತೆ. ಹೃದಯಾಘಾತ. ನಲವತ್ತೆಂಟು ವರ್ಷಕ್ಕೆ!

ಸುದ್ದಿ ಬಂದಾಗ ಚಾರ್ಟಮ್ಮ ಮಾಡಿದ್ದೇನು ಗೊತ್ತೇ? ಒಂದು ಚೀಟಿ ತೆಗೆದುಕೊಂಡು ಬರೆದಳು: ಮೊಲ ಹನ್ನೊಂದಕ್ಕೆ, ಕತ್ತರಿ ಒಂದಕ್ಕೆ, ನಾನು ಮೂರಕ್ಕೆ. ವಾರ್ಡುಗಳು ಖಾಲಿಯಾಗಬಾರದಲ್ಲ! ಗೆಳತಿಯ ಮುಖ ಕೊನೆಯ ಸಲ ನೋಡುವುದಕ್ಕೂ ಪಾಳಿ ಹಾಕಿದಳು ಮಹಾತಾಯಿ. ಮೂರು ಗಂಟೆಗೆ ಇವಳು ಆ ಮನೆ ಮುಟ್ಟುವಷ್ಟರಲ್ಲಿ ಉಳಿದಿಬ್ಬರೂ ಅತ್ತು, ಮುಖ ತೊಳೆದು, ಕೆಲಸಕ್ಕೆ ವಾಪಸಾಗಿದ್ದರು. ಇವಳ ಅಳುವಿಗೆ ಒಂದು ಹೆಗಲೂ ಇರಲಿಲ್ಲ. ಗುಡುಗಿನ ಅಕ್ಕ ಹತ್ತಿರ ಬಂದು, "ನೀವು ಮೂರೂ ಜನ ಒಟ್ಟಿಗೆ ಬರ್ತೀರಿ ಅಂದ್ಕೊಂಡಿದ್ದೆ. ಮನೇಲಿ ಯಾವಾಗ್ಲೂ ನಿಮ್ಮದೇ ಮಾತು ಅವಳಿಗೆ," ಎಂದರು. ಚಾರ್ಟಮ್ಮನಿಗೆ ನಾಚಿಕೆಯಿಂದ ನಿಂತ ನೆಲವೇ ಕುಸಿದಂತಾಯಿತು. ಆ ನಾಚಿಕೆ ದುಃಖಕ್ಕಿಂತ ದೊಡ್ಡದಾಗಿತ್ತು.

ಎರಡು ತಿಂಗಳು ಅವಳು ಸರಿಯಾಗಿ ಉಣ್ಣಲಿಲ್ಲ, ಮಲಗಲಿಲ್ಲ. ಆಮೇಲೆ ಬಂದ ಇಪ್ಪತ್ತೈದನೆಯ ತಾರೀಖು ಹಾಳೆ ಹಾಸಿದವಳು ಮೊದಲು ಕೆಂಪು ಪೆನ್ನನ್ನೇ ಎತ್ತಿಕೊಂಡಳು. ಕತ್ತರಿ, ಮೊಲ, ತಾನು. ಮೂರು ಹೆಸರು, ಒಂದೇ ಬುಧವಾರ, ಮೂರು ಕೆಂಪು ಸೊನ್ನೆ! ಉಳಿದ ಎಂಬತ್ತೆರಡು ಜನರನ್ನು ಅದರ ಸುತ್ತ ಹೊಂದಿಸಲು ಸಂಜೆಯಾಯಿತು. ಯಾವ ವಾರ್ಡಿನಲ್ಲೂ ಒಬ್ಬರೂ ಕಡಿಮೆ ಬೀಳಲಿಲ್ಲ. ಇಷ್ಟು ಸುಲಭವಾಗಿತ್ತೇ ಇದು? ಹನ್ನೊಂದು ವರ್ಷದಿಂದ ಇಷ್ಟೇ ಸುಲಭವಾಗಿತ್ತೇ? ಅವಳಿಗೆ ತನ್ನ ಮೇಲೆಯೇ ಎಂಥ ಸಿಟ್ಟು ಬಂತೆಂದರೆ ಸ್ಕೇಲನ್ನು ಮೇಜಿಗೆ ಕುಕ್ಕಿದಳು.

ಚಾರ್ಟನ್ನು ಬೋರ್ಡಿಗೆ ಚುಚ್ಚಿ, ಕೋಣೆಗೆ ಬಂದು, ಬೈಗುಳಕ್ಕೆ ಕಿವಿ ನೆಟ್ಟಗೆ ಮಾಡಿಕೊಂಡು ಕೂತಳು. ಒಂದು ಗಂಟೆ ಯಾರೂ ಬರಲಿಲ್ಲ. ಕೊನೆಗೆ ಅವಳ ಕೈಕೆಳಗಿನ ಸಿಸ್ಟರ್ ಬಾಗಿಲು ತಳ್ಳಿದಳು.

"ಚಾರ್ಟಮ್ಮಾ, ಆ ಬುಧವಾರ ಏನೋ ತಪ್ಪಾಗಿದೆ ಅನ್ಸುತ್ತೆ."

"ತಪ್ಪೇನೂ ಆಗಿಲ್ಲ. ಬೇಕಂತಲೇ ಹಾಕಿರೋದು."

ಆ ಸಿಸ್ಟರ್‌ನ ಮುಖ ಅರಳಿತು. "ಅಬ್ಬಾ, ಅಂತೂ ಬುದ್ಧಿ ಬಂತಲ್ಲ! ಆ ದಿನ ನಿಮ್ಮ ಕುರ್ಚೀಲಿ ನಾನು ಕೂರ್ತೀನಿ. ನೀವೇನಾದ್ರೂ ಈ ಕಡೆ ಮುಖ ಹಾಕಿದ್ರೋ, ಜೋಕೆ!"

ಹಾಗೆ ಬಂದದ್ದು ಈ ಬುಧವಾರ. ಇಪ್ಪತ್ತು ದಿನ ಮೂವರ ಕಾಲೂ ನೆಲದ ಮೇಲೆ ನಿಂತಿರಲಿಲ್ಲ. ಮೊಲ ದಿನಕ್ಕೆರಡು ಸಲ ಫೋನು ಮಾಡಿ "ರದ್ದಾಗಿಲ್ಲ ತಾನೇ?" ಎಂದು ಕೇಳುತ್ತಿದ್ದಳು. ಕತ್ತರಿ "ನನಗಂತೂ ನಂಬಿಕೆ ಇಲ್ಲಪ್ಪ" ಎಂದು ಮೂಗು ಮುರಿಯುತ್ತಲೇ ಹೊಸ ಚಪ್ಪಲಿ ಕೊಂಡಿದ್ದಳು.

ಹತ್ತು ಗಂಟೆಗೆ ಮೂವರೂ ರೋಪ್‌ವೇ ಸಾಲಿನಲ್ಲಿ ನಿಂತಿದ್ದರು. ಮುಂದೆ ಆರು ಜನ, ನಾಲ್ಕು ಜನ, ಈಗ ಇಬ್ಬರು! ಹಳದಿ ಡಬ್ಬಿ ಗಡಗಡ ಎಂದು ಬಂದು ಎದುರಿಗೆ ನಿಂತಿತು. ಬಾಗಿಲು ತೆರೆಯಿತು. ಆಗಲೇ ಚಾರ್ಟಮ್ಮನ ಫೋನು ಬಡಿದುಕೊಂಡಿತು.

ಆಸ್ಪತ್ರೆ! ಮೊಲದ ಮುಖ ಬಾಡಿತು. ಕತ್ತರಿ ಆಕಾಶ ನೋಡಿದಳು. "ನಾನು ಹೇಳ್ಲಿಲ್ವಾ? ಹೋಗು ತಾಯಿ, ಹೋಗು."

ಫೋನಿನಲ್ಲಿ ಕುರ್ಚಿಯ ಸಿಸ್ಟರ್. "ಚಾರ್ಟಮ್ಮಾ, ಮಧ್ಯಾಹ್ನದ ಪಾಳಿಯ ಇಬ್ಬರಿಗೆ ಜ್ವರ, ಬರೋಲ್ಲ ಅಂತಿದ್ದಾರೆ. ಏನು ಮಾಡ್ಲಿ?"

ಅವಳ ಒಂದು ಕಾಲು ಆಗಲೇ ಹಿಂದಕ್ಕೆ ತಿರುಗಿತ್ತು, ನಿಜ ಹೇಳಬೇಕು. ಹನ್ನೊಂದು ವರ್ಷದ ಚಟ ಸುಮ್ಮನೆ ಬಿಡುತ್ತದೆಯೇ? ಡಬ್ಬಿಯವನು "ಹತ್ತೀರಾ ಅಮ್ಮ, ಇಲ್ವಾ?" ಎಂದು ಗದರಿದ. ಅವಳು ಗೆಳತಿಯರ ಕಡೆ ನೋಡಿದಳು. ತಾನೂ ಸೇರಿ ಮೂವರಿದ್ದರು. ಮೂವರೇ ಇದ್ದರು.

"ಎಡಗಡೆ ಡ್ರಾಯರ್‌ನಲ್ಲಿ ಬದಲಿ ಪಟ್ಟಿ ಇದೆ. ಮೇಲಿನಿಂದ ಒಬ್ಬೊಬ್ಬರಿಗೇ ಫೋನ್ ಮಾಡು, ಇಬ್ಬರು ಸಿಕ್ಕೇ ಸಿಗ್ತಾರೆ. ನಾನು ಬರಲ್ಲ. ನನಗಿವತ್ತು ರಜಾ!" ಕೊನೆಯ ಮಾತನ್ನು ಎಷ್ಟು ಜೋರಾಗಿ ಕೂಗಿದಳೆಂದರೆ ಇಡೀ ಸಾಲು ತಿರುಗಿ ನೋಡಿತು. ಫೋನು ಚೀಲಕ್ಕೆ ತುರುಕಿ, ಇಬ್ಬರ ರಟ್ಟೆ ಹಿಡಿದು ಡಬ್ಬಿಯೊಳಕ್ಕೆ ಎಳೆದಳು.

ಡಬ್ಬಿ ನೆಲ ಬಿಟ್ಟಿತು. ಮೊಲ ಕಿರುಚಿದಳು, ಕತ್ತರಿ ಕಂಬಿ ತಬ್ಬಿಕೊಂಡಳು. ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಗುತ್ತ ನಗುತ್ತಲೇ ಚಾರ್ಟಮ್ಮನ ಕಣ್ಣು ತುಂಬಿತು.

"ನಾಲ್ಕು ಜನ ಏನಂತಾರೋ ಅನ್ನೋ ಹೆದರಿಕೆ ಕಣ್ರೇ. ಅದಕ್ಕೇ ಅವಳಿಗೆ ಒಂದು ದಿನ ಕೊಡ್ಲಿಲ್ಲ ನಾನು. ನೀವಾದ್ರೂ ನನ್ನ ಹತ್ರ ಜಗಳ ಆಡ್ಬಾರದಿತ್ತಾ? ಮೂರೂ ಜನ ಸೇರಿ ಒಂದ್ಸಲ ಬೈದಿದ್ರೆ ಸಾಕಿತ್ತು!"

ಕತ್ತರಿ ಕಂಬಿ ಬಿಟ್ಟು ಇವಳ ಕಡೆ ತಿರುಗಿದಳು. "ಸೇರಿ ಬೈಯೋಕೆ ಮೂರು ಜನ ಒಂದ್ಕಡೆ ಸಿಗ್ಬೇಕಲ್ಲೇ! ಅದಕ್ಕೆ ಯಾವತ್ತು ರಜಾ ಹಾಕಿದ್ದೆ ನೀನು?"

ಚಾರ್ಟಮ್ಮ ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು. "ಸರಿ. ಈಗ ಸಿಕ್ಕಿದ್ದೀವಲ್ಲ, ಬೈಯಿರಿ."

ಬಿಟ್ಟಾರೆಯೇ? ಕತ್ತರಿ ಶುರು ಮಾಡಿದಳು, ಮೊಲ ದನಿಗೂಡಿಸಿದಳು. ಡಬ್ಬಿ ಗುಡ್ಡದ ತುದಿ ಮುಟ್ಟಿ, ತಿರುಗಿ, ಕೆಳಗೆ ಬಂದು ನಿಂತಾಗ ಹನ್ನೊಂದು ವರ್ಷದ ಬಾಕಿಯಲ್ಲಿ ಅವರಿನ್ನೂ ನಾಲ್ಕನೆಯ ವರ್ಷದ ಜಗಳದಲ್ಲಿದ್ದರು. ಡಬ್ಬಿಯವನು ಇಳಿಯಿರಿ ಎಂದ. ಚಾರ್ಟಮ್ಮ ಅವನ ಕೈಯಲ್ಲೇ ಇನ್ನೂ ಮೂರು ಟಿಕೆಟ್ ತರಿಸಿದಳು.