ಅಕ್ಕ ಕಾದ ಜಾಗಗಳು

ಆ ದಿನ ನಾನೂ ಅಕ್ಕನೂ ತೆಕ್ಕಟ್ಟೆಯಲ್ಲಿ ಬಸ್ಸು ಹತ್ತಿ ಕುಂದಾಪುರಕ್ಕೆ ಹೋದೆವು. ಅಲ್ಲಿ ಒಂದು ಚಪ್ಪಲಿ ಅಂಗಡಿಯ ಮಹಡಿಯಲ್ಲಿ ಸಣ್ಣ ರೆಕಾರ್ಡಿಂಗ್ ಸ್ಟುಡಿಯೊ ಇತ್ತು. ನಮ್ಮ ಹೆಂಗಸರ ಭಜನಾ ಮಂಡಳಿಯ ಹಾಡುಗಳದ್ದೊಂದು ಸಿ.ಡಿ. ಮಾಡಬೇಕೆಂದು ಅಕ್ಕನೇ ಹಟ ಹಿಡಿದಿದ್ದಳು. ಮಂಡಳಿಯಲ್ಲಿ ಸಾಲು ಎತ್ತಿಕೊಡುವವಳು ಅವಳು. ಉಳಿದವರು ಅದನ್ನೇ ತಿರುಗಿ ಹೇಳುವವರು. ಮೊದಲು ಅವಳೊಬ್ಬಳ ಸ್ವರ, ಮುಂದಿನ ವಾರ ಉಳಿದ ಹೆಂಗಸರದ್ದು, ತಬಲಾ ಹಾರ್ಮೋನಿಯಂ ಕೊನೆಗೆ ಎಂದು ಸ್ಟುಡಿಯೊದವರು ಹೇಳಿದ್ದರು.

ಕಿವಿಗೆ ಹೆಡ್‌ಫೋನ್ ಹಾಕಿದ ಸ್ವಲ್ಪ ಹೊತ್ತಿಗೇ ಅಕ್ಕ ಅದನ್ನು ತೆಗೆದಳು.

"ಹ್ವಾಯ್, ಈ ಟಕ್ ಟಕ್ ಒಂದ್ ನಿಲ್ಸಿ ಮಾರಾಯ್ರೆ. ಗಡಿಯಾರದ್ ಅಂಗ್ಡಿಲ್ ಕೂಕಂಡ್ ಹಾಡ್ದಂಗ್ ಆತ್ತ್."

"ತಾಳ ತಪ್ಪುದಿಲ್ಯಾ?"

"ತಪ್ಪುಕ್ ಮುಂಚೆ ನಿಮ್ಗ್ ಹೇಳ್ತೆ."

ಸ್ಟುಡಿಯೊದವರು ನಕ್ಕು, ತಾಳ ತೋರಿಸುವ ಆ ಸದ್ದನ್ನು ನಿಲ್ಲಿಸಿದರು. ಅಕ್ಕ ಶ್ರುತಿಯೊಂದನ್ನೇ ಕೇಳುತ್ತಾ ಹಾಡಿದಳು. ಮುಗಿದ ಮೇಲೆ ಗೋಳಿಬಜೆ ತಿಂದೆವು. ಚಟ್ನಿಗೆ ಉಪ್ಪು ಸಾಲದೆಂದು ಅಕ್ಕ ಹೋಟೆಲಿನವನಿಗೆ ಹೇಳಿದಳು. ಸಂಜೆಯ ಬಸ್ಸಿನಲ್ಲಿ ಮನೆಗೆ ಬಂದೆವು.

ಮರುದಿನ ಬೆಳಿಗ್ಗೆ ಅವಳು ಬಾವಿಕಟ್ಟೆಯ ಬಳಿ ಬಿದ್ದಳು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು ಆಸ್ಪತ್ರೆಯಲ್ಲಿ. ಮನೆಗೆ ತಂದದ್ದು ಹೆಣವನ್ನು.

ಕೆಲವು ತಿಂಗಳ ನಂತರ ನಾನು ಸಿ.ಡಿ.ಯ ಮಾತೆತ್ತಿದೆ. "ಹೋದ್ದ್ ಹೋಯ್ತ್, ಬಿಡ್ ಅದನ್ನ್," ಎಂದರು ಬಾವ. ಅಕ್ಕನ ಗಂಡ ಅವರು. ಅವರ ದುಃಖದ ಬಗ್ಗೆ ನನಗೆ ಸಂಶಯವಿಲ್ಲ. ಆದರೂ ನಾನು ಬಿಡಲಿಲ್ಲ. ನಾನು ಹತ್ತನೆಯವರೆಗೆ ಓದಿ ಹೊಲಿಗೆ ಕಲಿತವಳು, ನಾಲ್ಕು ಜನರ ಮುಂದೆ ಮಾತಾಡುವವಳಲ್ಲ. ಅಷ್ಟರಲ್ಲಿ ಕುಂದಾಪುರದ ಸ್ಟುಡಿಯೊ ಮುಚ್ಚಿತ್ತು. ಅದರವರು ಬೈಂದೂರಿನ ತಮ್ಮ ಮನೆಗೆ ಹೋಗುವಾಗ ಅಕ್ಕನ ಸ್ವರವನ್ನು ಒಂದು ಸಿ.ಡಿ.ಗೆ ಹಾಕಿ ನನಗೆ ಕೊಟ್ಟಿದ್ದರು. ಅದನ್ನು ಹಿಡಿದುಕೊಂಡು ಬ್ರಹ್ಮಾವರದ ಇನ್ನೊಂದು ಸ್ಟುಡಿಯೊಗೆ ಹೋದೆ. ಅಲ್ಲಿದ್ದದ್ದು ಬೇರೆ ಸಾಫ್ಟ್‌ವೇರ್.

ಅದರಲ್ಲಿ ಹಾಕಿದ ಕೂಡಲೇ ಅಕ್ಕ ಓಡತೊಡಗಿದಳು. ಸ್ವರ ತೆಳ್ಳಗಾಗಿ, ಶಾಲೆಗೆ ಹೋಗುವ ಹುಡುಗಿಯದ್ದರಂತಿತ್ತು. ಅದೂ ಸಾಲದೆಂಬಂತೆ ಎಲ್ಲ ಸಾಲುಗಳೂ ಒಟ್ಟಿಗೇ ಶುರುವಾದವು. ಹತ್ತಾರು ಅಕ್ಕಂದಿರು ಒಬ್ಬರ ಮೇಲೊಬ್ಬರು ಬಿದ್ದು ಹಾಡಿದಂತೆ. ಸಾಕು, ನಿಲ್ಲಿಸಿ ಎಂದೆ.

ಬ್ರಹ್ಮಾವರದವರು ಒಳ್ಳೆಯವರು, ತಾಳ್ಮೆಯಿಂದ ತಿಳಿಸಿ ಹೇಳಿದರು. ಅಲ್ಲಿ ಒಂದು ಅಳತೆಯಲ್ಲಿ ರೆಕಾರ್ಡ್ ಮಾಡಿದ್ದನ್ನು ಇಲ್ಲಿಯ ಕಂಪ್ಯೂಟರ್ ಇನ್ನೊಂದು ಅಳತೆಯಲ್ಲಿ ಓದುತ್ತಿದೆ, ಅದಕ್ಕೇ ಈ ಓಟ. ಅದನ್ನು ತಾನೇ ಸರಿಮಾಡಬಲ್ಲೆ ಎಂದರು. ಆದರೆ ಅಕ್ಕನ ಸ್ವರ ತುಂಡು ತುಂಡಾಗಿ ಬಂದಿದೆ. ಯಾವ ತುಂಡು ಹಾಡಿನ ಯಾವ ಜಾಗದಲ್ಲಿತ್ತು ಎಂಬುದು ಹಳೆಯ ಸಾಫ್ಟ್‌ವೇರಿಗೆ ಮಾತ್ರ ಗೊತ್ತು. ಕತ್ತರಿಸಿದ ಬಟ್ಟೆಯ ತುಂಡುಗಳು ಬಂದು, ಯಾವುದನ್ನು ಎಲ್ಲಿ ಹೊಲಿಯಬೇಕೆಂಬ ಗುರುತು ಬಾರದಿದ್ದರೆ ಏನಾಗುತ್ತದೆಂದು ನನಗೂ ಗೊತ್ತಿತ್ತು.

"ಬೈಂದೂರಿಗ್ ಹೋಯ್ಕ್. ಹಳೇ ಕಂಪ್ಯೂಟ್ರಂಗೇ ತುಂಡೆಲ್ಲಾ ಸೇರ್ಸಿ, ಹಾಡಿನ್ ಸುರುವಿಂದ ಕೊನೆವರ್ಗೆ ಒಂದೇ ಉದ್ದಕ್ ಮಾಡ್ಸ್ಕಂಡ್ ಬನ್ನಿ. ಸ್ವರ ಇಲ್ದಿದ್ ಜಾಗದಲ್ ಖಾಲಿಯೇ ಇರ್ಲಿ."

ಹೋದೆ. ಬೈಂದೂರಿನ ಮನೆಯಲ್ಲಿ ಆ ಕಂಪ್ಯೂಟರ್ ಮಂಚದಡಿಯಲ್ಲಿತ್ತು. ಅವರು ಅದನ್ನು ಎಳೆದು, ಧೂಳು ಒರೆಸಿ, ನನ್ನೆದುರೇ ಒಂದೊಂದು ಹಾಡನ್ನೂ ಅಖಂಡ ಮಾಡಿಕೊಟ್ಟರು.

ಮುಂದಿನ ಸಲ ಬ್ರಹ್ಮಾವರಕ್ಕೆ ಬಾವನೂ ಬಂದರು. ಈ ಬಾರಿ ಅಕ್ಕನ ಸ್ವರ ಅಕ್ಕನದ್ದಾಗಿಯೇ ಬಂತು. ಬಾವ ಕುರ್ಚಿಯ ಕೈ ಹಿಡಿದು ಕುಳಿತಿದ್ದರು. ಆದರೆ ಸ್ಟುಡಿಯೊದವರು ಕಂಪ್ಯೂಟರಿನ ಪರದೆಯಲ್ಲಿ ತಾಳದ ಗೆರೆಗಳನ್ನು ಹಾಕಿ ನೋಡಿ ತಲೆ ಆಡಿಸಿದರು.

"ಇನ್ನೂ ಕೂತ್ಕಣುದಿಲ್ಲೆ. ಮಿಷಿನ್ ತಪ್ಪಾರೆ ಹೋತಾ ಹೋತಾ ಒಂದೇ ನಮೂನಿ ಜಾಸ್ತಿ ಆಯ್ಕ್. ಇದ್ ಹಾಂಗಲ್ಲ. ಗಿಡ್ಡ ಸಾಲೆಲ್ಲಾ ಸಮ ಇತ್ತ್, ಉದ್ದ ಸಾಲಿನ್ ಕೊನೆಗೆ ಮಾತ್ರ ತಡ. ಇರ್ಲಿ, ಒಂದ್ ಬಟನ್ ಒತ್ರೆ ಎಲ್ಲಾ ಗೆರೆಗ್ ಬತ್ತ್."

ಒತ್ತಿದರು. ಹಾಡು ನೆಟ್ಟಗಾಯಿತು. ಹೆಂಗಸರು ತಿರುಗಿ ಹೇಳುವ ಹೊತ್ತು ಮುಗಿದೊಡನೆ ಮುಂದಿನ ಸಾಲು, ಎಲ್ಲೂ ಹೆಚ್ಚಿನ ಬಿಡುವಿಲ್ಲ. ಆಗ ನನಗೆ ಎಲ್ಲವೂ ತಿಳಿಯಿತು.

ನಮ್ಮ ಮಂಡಳಿಯಲ್ಲಿ ಒಂದು ಕ್ರಮವಿದೆ. ಎಲ್ಲರ ಉಸಿರು ಇಳಿಯುವವರೆಗೆ ಮುಂದಿನ ಸಾಲು ಎತ್ತಬಾರದು. ನೆರೆಮನೆಯ ಅಜ್ಜಿಗೆ ದಮ್ಮಿದೆ. ಉದ್ದದ ಸಾಲುಗಳಲ್ಲಿ ಎಲ್ಲರೂ ಮುಗಿಸಿದ ಮೇಲೂ ಅವರ ಸ್ವರ ಉಳಿದಿರುತ್ತದೆ. "ನೀವೆಲ್ಲಾ ಎಕ್ಸ್‌ಪ್ರೆಸ್ ಬಸ್ಸ್. ನಾನ್ ಲೋಕಲ್, ಎಲ್ಲಾ ಸ್ಟಾಪಂಗೂ ನಿಲ್ಕ್," ಎಂದು ಅವರೇ ನಗುತ್ತಾರೆ. ಅಕ್ಕ ಕಾಯುತ್ತಿದ್ದಳು. ಸ್ಟುಡಿಯೊದ ಮುಚ್ಚಿದ ಕೋಣೆಯಲ್ಲಿ ಅಜ್ಜಿ ಇರಲಿಲ್ಲ, ಯಾರೂ ಇರಲಿಲ್ಲ. ಅಲ್ಲಿಯೂ ಅವಳು ಕಾದಿದ್ದಳು.

"ಮೊದ್ಲ್ ಇದ್ದಂಗೇ ಮಾಡಿ," ಎಂದೆ.

ಬಾವ ನನ್ನತ್ತ ತಿರುಗಿದರು. "ಎಂತಕೆ? ಈಗ ಲಾಯ್ಕಿತ್ತಲೆ. ವರ್ಷಾಂತ್ಕದ್ ದಿನ ನೆಂಟ್ರಿಗೆಲ್ಲಾ ಕೊಡ್ಕ್. ತಾಳ ತಪ್ಪಿತ್ ಅಂದ್ಕಂಡ್ ಸತ್ತೋಳ್ ಮೇಲೆ ಯಾರೂ ನಗಾಡುಕಾಗ."

"ತಾಳ ತಪ್ಲಿಲ್ಲೆ ಬಾವ. ಅವ್ಳ್ ಅಜ್ಜಿನ್ ಕಾಯ್ತಾ ಇದ್ದಿದ್."

"ಯಾವ್ ಅಜ್ಜಿ? ಇದ್ರೊಳ್ಗ್ ಅಜ್ಜಿ ಎಲ್ಲಿತ್ತ್?"

"ಕರ್ಕಂಡ್ ಬತ್ತೆ."

"ಮಂಡೆ ಸಮ ಇತ್ತಾ ನಿಂಗೆ?"

"ನಗಾಡೋರ್ ನಗಾಡ್ಲಿ. ಅವ್ಳ್ ಕಾದದ್ದನ್ನ್ ಕತ್ತರ್ಸುಕ್ ನಾನ್ ಬಿಡುದಿಲ್ಲೆ." ಸ್ಟುಡಿಯೊದವರಿಗೂ ಹೇಳಿದೆ: "ಆತ್ತಿಲ್ಲ ಅಂದ್ರೆ ಸಿ.ಡಿ. ವಾಪಸ್ ಕೊಡಿ. ಬೇರೆ ಕಡೆ ಕಾಂತೆ."

ನನ್ನ ಸ್ವರ ಅಷ್ಟು ಏರಿದ್ದು ನನಗೇ ಹೊಸತು. ಇಳಿಸಲಿಲ್ಲ. ಸ್ಟುಡಿಯೊದವರು ಮಾಡಿದ್ದನ್ನೆಲ್ಲ ರದ್ದು ಮಾಡಿದರು. ಅಕ್ಕನನ್ನು ಗೆರೆಗೆ ಎಳೆಯುವ ಬದಲು, ಅಕ್ಕ ಹಾಡಿದ ಕಡೆಗೆ ಗೆರೆಗಳನ್ನೇ ಒಂದೊಂದಾಗಿ ಸರಿಸುತ್ತಾ ಹೋದರು. ಬಟನ್ ಒತ್ತಿ ಆಗುವ ಕೆಲಸವಲ್ಲ ಅದು. "ತಬಲ್ದವ್ರ್ ನಂಗ್ ಬೈತ್ರ್," ಎಂದರು. "ಬೈಲಿ," ಎಂದೆ.

ಇನ್ನೊಂದು ದಿನ ಮಂಡಳಿಯ ಹೆಂಗಸರನ್ನು ನಾನೇ ಕರೆದುಕೊಂಡು ಬಂದೆ, ಬಾವನೂ ಬಂದರು. ಅಜ್ಜಿ ಕೋಣೆಯೊಳಗೆ ಹೋಗಿ ಸುತ್ತ ನೋಡಿದರು. "ಕಿಟ್ಕಿ ಇಲ್ಲೆ, ಫ್ಯಾನಿಲ್ಲೆ. ಬಾಯಿಗ್ ಹಣ್ಣಡ್ಕೆ ಹಾಕುಕ್ ಅಡ್ಡಿಲ್ಯಾ?" ಕಿವಿಯಲ್ಲಿ ಅಕ್ಕನ ಸ್ವರ ಬಂದಾಗ ಅವರ ಮುಖ ಬಿಗಿಯಿತು, ಆದರೂ ಸಾಲು ಬಿಡಲಿಲ್ಲ. ಮೊದಲ ಉದ್ದದ ಸಾಲು ಬಂತು. ಎಲ್ಲರೂ ಮುಗಿಸಿದರು. ಅಜ್ಜಿಯ ಸ್ವರ ಎಳೆಯುತ್ತಾ, ನಡುಗುತ್ತಾ ಇಳಿಯಿತು. ಅದು ಪೂರ್ತಿ ನಿಂತ ಮೇಲೆ ಅಕ್ಕ ಮುಂದಿನ ಸಾಲು ಎತ್ತಿದಳು.

ಬಾವ ಎದ್ದು ಹೊರಗೆ ಹೋದರು. ತಿರುಗಿ ಬಂದು, "ಹಾಂಗೇ ಇರ್ಲಿ," ಎಂದಷ್ಟೇ ಹೇಳಿದರು.

ಅಕ್ಕ ತೀರಿ ವರ್ಷ ತುಂಬಿದಾಗ, ವರ್ಷಾಂತಿಕದ ದಿನ ಸಿ.ಡಿ. ಹಂಚಿದೆವು. ತಾಳ ಸ್ವಲ್ಪ ಆಚೀಚೆ ಇದೆಯೆಂದು ಸಂಗೀತ ಬಲ್ಲ ಒಬ್ಬರು ಹೇಳಿದರು. ಹೌದು, ಹಾಗೆಯೇ ಇದೆ, ಹಾಗೆಯೇ ಇರುತ್ತದೆ ಎಂದೆ.

ಕೊನೆಯ ಹಾಡು ಮಾತ್ರ ಪೂರ್ತಿಯಾಗಲಿಲ್ಲ. ಅದರ ಮೂರನೆಯ ಚರಣ ಬೈಂದೂರಿನ ಕಂಪ್ಯೂಟರಿನಲ್ಲೂ ಸಿಗಲಿಲ್ಲ. ಅಕ್ಕ ಅದನ್ನು ಹಾಡಿದ್ದನ್ನು ನಾನು ಕೇಳಿದ್ದೇನೆ. ಎಲ್ಲಿ ಅಳಿಸಿಹೋಯಿತೋ ಗೊತ್ತಿಲ್ಲ. ಬೇರೆಯವರಿಂದ ಹಾಡಿಸಬಹುದು ಎಂದರು ಬ್ರಹ್ಮಾವರದವರು. ಮೊದಲ ಚರಣವನ್ನೇ ಇನ್ನೊಮ್ಮೆ ಹಾಕಬಹುದು ಎಂದರು. ಎರಡಕ್ಕೂ ನಾನು ಒಪ್ಪಲಿಲ್ಲ. ಅಲ್ಲಿ ಶ್ರುತಿಯಿದೆ, ಹೆಂಗಸರು ತಿರುಗಿ ಹೇಳುವ ಸಾಲುಗಳಿವೆ. ಅಕ್ಕನ ಸ್ವರ ಇಲ್ಲ.