ಅಕ್ಕ ತೊಳೆಸಿದ ಈಜುಕೊಳ

ಮೊನ್ನೆ ಹಾರ್ಡ್‌ವೇರ್ ಅಂಗಡಿಯಲ್ಲಿ ಬಲ್ಬು ಹುಡುಕುತ್ತಿದ್ದಾಗ ಪಕ್ಕದ ಸಾಲಿನಿಂದ ಈಜುಕೊಳಕ್ಕೆ ಹಾಕುವ ಕ್ಲೋರಿನ್ ವಾಸನೆ ಬಂತು. ಬಲ್ಬು ಅಲ್ಲೇ ಬಿಟ್ಟು ಹೊರಗೆ ಬಂದೆ. ಇಪ್ಪತ್ತು ವರ್ಷದ ಮೇಲಾಯಿತು, ಆ ವಾಸನೆ ಬಡಿದರೆ ಇವತ್ತಿಗೂ ಅಕ್ಕನ ಮುಖವೇ ಕಾಣುತ್ತದೆ...

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಇಂಟರ್ನೆಟ್ ಕಂಪನಿಗಳ ಷೇರು ಹುಚ್ಚೆದ್ದು ಏರುತ್ತಿದ್ದ ಡಾಟ್‌ಕಾಂ ಕಾಲದಲ್ಲಿ, ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿದ್ದ ಹಾಸನದವರು. ಅವರ ಸೊಪ್ಪಿನ ಸಾರು ನಮ್ಮ ಮನೆಗೆ, ನಮ್ಮ ದೋಸೆ ಹಿಟ್ಟು ಅವರ ಮನೆಗೆ. ಹಾಗಿದ್ದವರು, ಯಜಮಾನರ ಕಂಪನಿಯ ಷೇರು ಏರಿದ್ದೇ ತಡ, ಲಾಸ್ ಆಲ್ಟೋಸ್‌ನಲ್ಲಿ ಈಜುಕೊಳವಿರುವ ಮನೆ ಕೊಂಡರು. ನನ್ನ ಗಂಡನ ಕಂಪನಿಯ ಷೇರು ಮಲಗಿದಲ್ಲೇ ಮಲಗಿತ್ತು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು. ಪ್ರತಿ ಶನಿವಾರ, "ಮಕ್ಕಳನ್ನ ಕರ್ಕೊಂಡು ಬಾರೇ, ಈಜಾಡ್ಲಿ" ಎಂದು ಅಕ್ಕ ಫೋನ್ ಮಾಡುತ್ತಿದ್ದರು. ಜಂಬ ಕೊಚ್ಚಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಅವರಿಗೆ ಜಂಬವೂ ಇರಲಿಲ್ಲ, ಅದಕ್ಕೇ ಇನ್ನಷ್ಟು ಉರಿ.

ಆ ನವೆಂಬರಿನಲ್ಲಿ ಚಳಿಗಾಲಕ್ಕೆ ಕೊಳ ಮುಚ್ಚಬೇಕಿತ್ತು. ಅಕ್ಕಪಕ್ಕದವರು ನೀರಿಗೆ ಔಷಧಿ ಹಾಕಿ, ಮೇಲೆ ಹೊದಿಕೆ ಎಳೆದು ಸುಮ್ಮನಾಗುತ್ತಿದ್ದರು. ಅಕ್ಕನಿಗೆ ಅದು ಒಗ್ಗಲಿಲ್ಲ. "ಹಳೇ ನೀರನ್ನ ಹಾಗೇ ಮುಚ್ಚಿಡೋದಾ? ಊರಲ್ಲಿ ಸಂಪು ತೊಳೀತಿರ್ಲಿಲ್ವಾ, ಇದೂ ಅಷ್ಟೇ. ಪೂರ್ತಿ ಖಾಲಿ ಮಾಡಿ ಉಜ್ಜಿಬಿಡೋಣ" ಎಂದರು.

ಉದ್ದ ಹಿಡಿಯ ಬ್ರಷ್ ತರಲು ಇಬ್ಬರೂ ಹೋದೆವು. ಅಕ್ಕ ಕಾರಿನಲ್ಲೇ ಕುಳಿತರು. ವಿಷಯ ಕೇಳಿ ಅಂಗಡಿಯ ಮುದುಕ ಗಾಬರಿಯಾದ. ಚಳಿಗಾಲದ ಮಳೆ ಬರುತ್ತಿದೆ, ಕೊಳ ಖಾಲಿ ಬಿಡಬೇಡಿ, ನೆಲದಡಿಯ ನೀರು ಅದನ್ನು ಮೇಲಕ್ಕೆತ್ತಿ ಒಡೆಯುತ್ತದೆ ಎಂದು ಎರಡೆರಡು ಸಲ ಹೇಳಿದ.

"ಏನಂದ?" ಕಾರಿಗೆ ಬಂದೊಡನೆ ಅಕ್ಕ ಕೇಳಿದರು.

"ಈ ಬ್ರಷ್ಷೇ ಚೆನ್ನಾಗಿದ್ಯಂತೆ" ಎಂದೆ.

ಶನಿವಾರವೆಲ್ಲ ಪ್ಯಾಂಟು ಮಡಚಿಕೊಂಡು ಇಬ್ಬರೂ ಉಜ್ಜಿದೆವು. ಅಕ್ಕ ನನ್ನ ಬೆನ್ನು ನೋಯುತ್ತದೆಂದು ಮಧ್ಯೆ ಮಧ್ಯೆ ಕಾಫಿ ತಂದು ಕೂರಿಸುತ್ತಿದ್ದರು. ಮುದುಕನ ಮಾತು ಬಾಯಿಯವರೆಗೆ ಬಂತು, ನುಂಗಿದೆ. ಸಂಜೆ ಅಕ್ಕ ಖಾಲಿ ಕೊಳಕ್ಕೆ ಹೊದಿಕೆ ಎಳೆದು, ಬೇಸಿಗೆಗೆ ಹೊಸ ನೀರು ತುಂಬಿಸೋಣ ಎಂದರು. ಡಿಸೆಂಬರಿನಲ್ಲಿ ಹಿಡಿದ ಮಳೆ ವಾರವಿಡೀ ಬಿಡಲಿಲ್ಲ. ಕೊಳ ಒಂದು ಮೂಲೆಯಲ್ಲಿ ಗೇಣುದ್ದ ಮೇಲೆದ್ದು ನಡುವೆ ಸೀಳಿತು.

ಅಕ್ಕ ಫೋನಿನಲ್ಲಿ ಅತ್ತರು. "ನನ್ನ ಬುದ್ಧಿಗಿಷ್ಟು... ಪಾಪ, ನಿನ್ ಕೈಲೂ ಸುಮ್ನೆ ಉಜ್ಜಿಸ್ದೆ."

ಒಳಗೊಳಗೇ ಖುಷಿಯಾಯಿತು, ಅರ್ಧ ದಿನ. ಆಮೇಲೆ ಅನ್ನ ಸೇರಲಿಲ್ಲ. ಮುಂದಿನ ವರ್ಷ ಷೇರು ಬಿತ್ತು, ಅಕ್ಕನ ಯಜಮಾನರ ಕೆಲಸವೂ ಹೋಯಿತು. ಒಡೆದ ಕೊಳದ ಮನೆಯನ್ನು ಸಿಕ್ಕಿದ ಬೆಲೆಗೆ ಮಾರಿ ಅವರು ಬೆಂಗಳೂರಿಗೆ ಹೊರಟರು. ಏರ್‌ಪೋರ್ಟಿನಲ್ಲಾದರೂ ಹೇಳಬೇಕೆಂದುಕೊಂಡೆ. ಅಕ್ಕ ತಮ್ಮ ಒಗ್ಗರಣೆ ಡಬ್ಬಿಯನ್ನು ನನ್ನ ಕೈಗಿಟ್ಟು ತಬ್ಬಿಕೊಂಡರು. ಆಗಲೂ ಆಗಲಿಲ್ಲ. ಆಮೇಲೆ ಎಷ್ಟು ಫೋನು, ಎಷ್ಟು ಯುಗಾದಿ... ಪ್ರತಿ ಸಲವೂ ಮುಂದಿನ ಸಲ ಎಂದುಕೊಂಡೆ.

ಹೋದ ತಿಂಗಳು ಅವರ ಮಗಳು ಫೋನ್ ಮಾಡಿ, ಅಕ್ಕ ತೀರಿಕೊಂಡದ್ದನ್ನು ಇಂಗ್ಲಿಷಿನಲ್ಲೇ ಹೇಳಿದಳು. ಕೊನೆಯ ಒಂದು ಮಾತು ಮಾತ್ರ ತಡವರಿಸಿಕೊಂಡು ಕನ್ನಡದಲ್ಲಿ ಹೇಳಿದಳು. "ಆಂಟಿ, ಅಮ್ಮ ಹೇಳ್ತಿದ್ರು... ಅಮೆರಿಕಾದಲ್ಲಿ ನಮ್ಮೋರು ಅಂತ ಇದ್ದಿದ್ದು ನೀವೊಬ್ರೇ ಅಂತ."

ಹೂಂ ಎಂದೆ. ಇನ್ನು ಯಾರಿಗೆ ಹೇಳಲಿ.