ನೂರ ಹದಿನಾರು ಟೇಪುಗಳ ಸಿದ್ದಲಿಂಗಸ್ವಾಮಿ

ಬೆಳಗಿನ ಐದೂವರೆ. ಬೋಗಾದಿಯ ಜಾನಪದ ಸಂಗ್ರಹ ಕೇಂದ್ರವೊಂದರ ಹಿಂಬದಿ ಕೋಣೆಯಲ್ಲಿ ಸಿದ್ದಲಿಂಗಸ್ವಾಮಿ ವಿಸಿಆರ್ ಮುಚ್ಚಳ ತೆಗೆದು, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಟೇಪು ಓದುವ ಹೆಡ್ ಒರೆಸುತ್ತಿದ್ದಾರೆ. ಬಳಿಕ ವೈರುಗಳನ್ನು ಕಂಪ್ಯೂಟರಿಗೆ ಜೋಡಿಸುತ್ತಾರೆ: ಹಳದಿ ಚಿತ್ರಕ್ಕೆ, ಕೆಂಪು ಮತ್ತು ಬಿಳಿ ಧ್ವನಿಗೆ. ಚಿತ್ರ ಎಲ್ಲಿಂದ ಬರಬೇಕು, ಧ್ವನಿ ಎಲ್ಲಿಂದ ಬರಬೇಕು ಎಂಬುದನ್ನು ಪರದೆಯ ಮೇಲೆ ಬೇರೆ ಬೇರೆಯಾಗಿ ಆರಿಸಬೇಕು. ಆರಿಸಿ, ಒಂದು ನಿಮಿಷ ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿ ಕೇಳುತ್ತಾರೆ. ಕೇಳದೆ ಮುಂದುವರಿಯುವುದಿಲ್ಲ.

ಕಳೆದ ವರ್ಷ, 2005ರಲ್ಲಿ, ಕೇಂದ್ರದ ಹಳೆಯ ವಿಡಿಯೋ ಟೇಪುಗಳನ್ನು ಸಿ.ಡಿ.ಗೆ ಇಳಿಸುವ ಈ ಕೆಲಸ ಪಡೆದ ಗುತ್ತಿಗೆದಾರರು ಆ ಒಂದು ನಿಮಿಷವನ್ನು ಉಳಿಸಿದರು. ಚಿತ್ರಕ್ಕೆ ವಿಸಿಆರ್ ಆರಿಸಿದರು. ಧ್ವನಿಗೆ ಮೇಜಿನ ಮೇಲಿದ್ದ ಮೈಕನ್ನು ಹಾಗೇ ಬಿಟ್ಟರು. ನೂರ ಎಂಬತ್ತು ಟೇಪುಗಳೂ ಹೀಗೇ ಸಿ.ಡಿ.ಗೆ ಇಳಿದವು. ತಂಬೂರಿ ಪದಗಾರ ಚಿಕ್ಕಮಾದಯ್ಯ ಪರದೆಯ ಮೇಲೆ ಕಣ್ಣುಮುಚ್ಚಿ ಹಾಡುತ್ತಾರೆ. ಕೇಳಿಸುವುದು ಗುತ್ತಿಗೆದಾರರ ಕೋಣೆಯ ಫ್ಯಾನಿನ ಸದ್ದು ಮತ್ತು "ಎರಡು ಬೈಟು ಕಾಫಿ ಹೇಳ್ರೀ" ಎಂಬ ಮಾತು. ಚಿಕ್ಕಮಾದಯ್ಯ ತೀರಿಕೊಂಡು ಏಳು ವರ್ಷವಾಗಿದೆ.

ಕೇಂದ್ರವು 'ಕೆಲಸ ತೃಪ್ತಿಕರ' ಎಂದು ಸಹಿ ಹಾಕಿತು. ಒಂದೇ ಒಂದು ಸಿ.ಡಿ.ಯನ್ನೂ ಯಾರೂ ಕೇಳಿರಲಿಲ್ಲ. ಅರವತ್ತನಾಲ್ಕು ಮೂಲ ಟೇಪುಗಳು ಗುಜರಿಗೆ ಹೋದವು. ಒಂದು ಸಿ.ಡಿ. ಹಾಕಿ ಕೇಳಿ, ತಪ್ಪು ಹಿಡಿದು, ಉಳಿದ ನೂರ ಹದಿನಾರನ್ನು ಗೇಟಿನಲ್ಲಿ ತಡೆದವರು ಇಲ್ಲಿಯ ದಿನಗೂಲಿ ಸಹಾಯಕ ಸಿದ್ದಲಿಂಗಸ್ವಾಮಿ. "ಗಾಡಿಗೆ ಅಡ್ಡ ನಿಂತ್ಬುಟ್ಟೆ. ಇನ್ನೇನ್ ಮಾಡ್ಲಿ ಹೇಳಿ?" ಎನ್ನುತ್ತಾರೆ. ಮಂಡಿ ಮೊಹಲ್ಲಾದಲ್ಲಿ ಹತ್ತೊಂಬತ್ತು ವರ್ಷ ವಿಸಿಆರ್ ರಿಪೇರಿ ಮಾಡಿದ ಕೈ ಇವರದು. ಸಿ.ಡಿ. ಬಂದ ಮೇಲೆ ಅಂಗಡಿ ಮುಚ್ಚಿತು.

ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು. ಎಂಟಕ್ಕೆ ಕರೆಂಟು ಹೋಗುತ್ತದೆ. ಹತ್ತಕ್ಕೆ ಬಂದಾಗಿನಿಂದ ಸಂಜೆವರೆಗೆ ಅದೇ ಕಂಪ್ಯೂಟರಿನಲ್ಲಿ ಕಚೇರಿಯ ಪತ್ರ ಟೈಪಾಗುತ್ತದೆ. ದಿನಕ್ಕೆ ಎರಡೇ ಟೇಪು. ನೂರ ಹದಿನಾರಕ್ಕೆ ಐವತ್ತೆಂಟು ಬೆಳಗು ಬೇಕು. ಕೇಂದ್ರ ಕೊಟ್ಟಿರುವುದು ಮೂವತ್ತು; ಆಮೇಲೆ ಕೋಣೆ ಖಾಲಿಯಾಗಬೇಕಂತೆ. ಗುತ್ತಿಗೆದಾರರಿಗೆ ಒಂದು ನೋಟಿಸೂ ಹೋಗಿಲ್ಲ. ತಪ್ಪನ್ನು ಹಿಡಿದವರಿಗೆ ಮಾತ್ರ ಗಡುವು.

ಇವರ ಬಗ್ಗೆ ಬರೆಯಲು ಹೋದ ನಾನು ಅಲ್ಲಿದ್ದಾಗಲೇ ಕೇಂದ್ರದ ವ್ಯವಸ್ಥಾಪಕ ಸುಂದರೇಶ ಒಳಬಂದರು.

"ಸ್ವಾಮಿ, ಸ್ವಲ್ಪ ಫಾಸ್ಟಾಗಿ ಓಡಿಸಿ ಮುಗಿಸ್ಬಾರ್ದೇನ್ರೀ?"

"ಓಡಿಸಿದ್ರೆ ಚಿಕ್ಕಮಾದಯ್ಯನೋರು ಇಲಿ ಕಿರುಚ್ದಂಗೆ ಕೇಳಿಸ್ತಾರೆ ಸಾರ್."

"ತಮಾಷೆ ಸಾಕು. ಮೂವತ್ತು ದಿನಕ್ಕೆ ಅರವತ್ತು ಆಗುತ್ತೆ. ಬೇಡವಾದ ಐವತ್ತಾರು ಯಾವ್ದು ಅಂತ ಪಟ್ಟಿ ಬರ್ಕೊಡಿ."

ಸಿದ್ದಲಿಂಗಸ್ವಾಮಿ ಹೆಡ್‌ಫೋನನ್ನು ಕಿವಿಯಿಂದ ತೆಗೆದು ಅವರತ್ತ ಚಾಚುತ್ತಾರೆ.

"ಬೇಡ ಅನ್ನೋ ಪಟ್ಟಿ ನನ್ ಕೈಲಾಗಲ್ಲ ಸಾರ್. ಆ ಐವತ್ತಾರನ್ನೂ ನೀವೇ ಕೂತು ಪೂರ್ತಿ ಕೇಳಿ. ಕೇಳಾದ್ಮೇಲೂ ಬೇಡ ಅನ್ಸಿದ್ರೆ, ನಾನೇ ಹೊತ್ಕೊಂಡೋಗಿ ಗುಜರಿ ಗಾಡಿಗೆ ಹಾಕ್ತೀನಿ."